ಪೋರ್ಟಿಗೊಂದು ಹೆಸರಿಡ್ರಪ್ಪಾ!

ಮೊದಲೇ ಹೇಳಿಬಿಡ್ತೀನಿ, ಇದು ಕವನವಲ್ಲ, ಹರಟೆಯಲ್ಲ, ಪ್ರವಾಸ ಕಥನ ಅಂತೂ ಅಲ್ಲವೇ ಅಲ್ಲ. ಅಪ್ಪಟ ತಾಂತ್ರಿಕ ಕೊರೆತ. ಆದರೆ ಕನ್ನಡದಲ್ಲಿ ಬ್ಲಾಗಿಸುವ ನಮ್ಮಲ್ಲಿ ಬಹಳಷ್ಟು ಜನರಿಗೆ ಅನ್ನ ಹಾಕುವುದು ಸಾಫ್ಟ್‌ವೇರೇ. ಹಗಲೆಲ್ಲ ಇಂಗ್ಲಿಷಿನಲ್ಲಿ ಗುದ್ದಾಡಿ, ರಾತ್ರಿ ಇಲ್ಲಿ ಬಂದು ಮಲ್ಲಿಗೆ, ಮಳೆ ಅಂತ ಬರೆಯುತ್ತೇವೆ. ಹೊಟ್ಟೆಪಾಡಿನ ವಿಷಯವನ್ನೂ ಒಮ್ಮೊಮ್ಮೆ ಕನ್ನಡದಲ್ಲೇ ಜಗಳ ಆಡೋಣ ಅನ್ನುವುದು ನನ್ನ ಆಸೆ. ಓದಿ, ಆಮೇಲೆ ಬೈಯಿರಿ :-)

ಜಗಳದ ವಿಷಯ ಇಷ್ಟು. ಕುಬರ್ನೆಟಿಸ್‌ನಲ್ಲಿ ಸರ್ವೀಸ್ ಬರೆಯುವಾಗ ಪೋರ್ಟನ್ನು ಸಂಖ್ಯೆಯಿಂದ ಕರೆಯಬೇಕೋ, ಹೆಸರು ಹಿಡಿದು ಕರೆಯಬೇಕೋ? ನಾನು ಹೆಸರಿನ ಪಕ್ಷ. ಇದೊಂದು ಶೋಕಿ, ಚಂದಕ್ಕೆ ಮಾಡುವುದು ಅನ್ನುವವರನ್ನು ತುಂಬ ನೋಡಿದ್ದೇನೆ. ಚಂದದ ಮಾತು ಬಿಡಿ. ಹೆಸರಿಲ್ಲದಿದ್ದರೆ ಕೆಲವು ಬದಲಾವಣೆಗಳನ್ನು ಸೇವೆ ನಿಲ್ಲಿಸದೆ ಮಾಡುವ ದಾರಿಯೇ ಕಷ್ಟವಾಗುತ್ತದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು

ಕುಬರ್ನೆಟಿಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವನು ಅಂತ. 2014ರಲ್ಲಿ ಗೂಗಲ್ ಇದನ್ನು ಹೊರಗೆ ಬಿಟ್ಟಿತು, 2015ರ ಜುಲೈನಲ್ಲಿ 1.0 ಬಂತು. ಈಗ ಹಳೆ ಮದ್ರಾಸ್ ರಸ್ತೆಯುದ್ದಕ್ಕೂ, ಹಲಸೂರಿನಿಂದ ಕೆ.ಆರ್.ಪುರಂವರೆಗೆ, ಯಾವ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ಕೂತರೂ ಪಕ್ಕದ ಮೇಜಿನಿಂದ ಈ ಹೆಸರು ಕಿವಿಗೆ ಬೀಳುತ್ತದೆ. 2023ರ ಡಿಸೆಂಬರಿನಲ್ಲಿ ಕುಬೆಡೇ ಇಂಡಿಯಾ ಸಮಾವೇಶ ನಮ್ಮ ಬೆಂಗಳೂರಿನಲ್ಲೇ ನಡೆಯಿತು.

ನಿಮ್ಮ ತಂತ್ರಾಂಶ ಓಡುವ ಡಬ್ಬಿ ಕಂಟೇನರ್. ಒಂದೋ ಎರಡೋ ಕಂಟೇನರ್ ಒಟ್ಟಿಗೆ ಇದ್ದರೆ ಅದು ಪಾಡ್. (ಪಾಡ್ ಕೆಟ್ಟರೆ ನಮ್ಮದು ನಾಯಿಪಾಡು!) ಪಾಡ್‌ಗಳು ಹುಟ್ಟುತ್ತವೆ, ಸಾಯುತ್ತವೆ, ಪ್ರತಿ ಸಲವೂ ಹೊಸ ಐಪಿ ವಿಳಾಸ. ಆದ್ದರಿಂದ ಅವುಗಳ ಮುಂದೆ ಬದಲಾಗದ ಒಂದು ವಿಳಾಸ ಬೇಕು, ಅದೇ ಸರ್ವೀಸ್. ಬಂದವರನ್ನು ಅದು ಹಿಂದಿರುವ ಯಾವುದಾದರೂ ಒಂದು ಪಾಡ್‌ಗೆ ಕಳಿಸುತ್ತದೆ. ಕಳಿಸುವಾಗ ಆ ಪಾಡ್‌ನ ಯಾವ ಬಾಗಿಲಿಗೆ ಕಳಿಸಬೇಕು ಅನ್ನುವುದು ಗೊತ್ತಿರಬೇಕಲ್ಲ, ಆ ಬಾಗಿಲೇ ಪೋರ್ಟ್. 1ರಿಂದ 65535ರವರೆಗಿನ ಒಂದು ಸಂಖ್ಯೆ.

ಪ್ರತಿ ಪಾಡ್‌ಗೂ ತನ್ನದೇ ಐಪಿ ಇರುವುದರಿಂದ ಎಲ್ಲರೂ 8080 ಇಟ್ಟುಕೊಂಡರೂ ಗಲಾಟೆ ಇಲ್ಲ. ಇಂದಿರಾನಗರದಲ್ಲಿ ಒಂದನೇ ಹಂತಕ್ಕೂ ಒಂದು 1ನೇ ಕ್ರಾಸ್, ಎಚ್.ಎ.ಎಲ್. ಎರಡನೇ ಹಂತಕ್ಕೂ ಒಂದು 1ನೇ ಕ್ರಾಸ್ ಇರುವ ಹಾಗೆ. ಹಂತ ಹೇಳಿದರೆ ಸರಿಯಾಗಿ ಮುಟ್ಟುತ್ತೀರಿ.

ಸಂಖ್ಯೆ ಹಿಡಿದು ಬರೆದರೆ ಹೀಗಿರುತ್ತದೆ (ನಿಜವಾದ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇಕು, ಇಲ್ಲಿ ಓದುವ ಅನುಕೂಲಕ್ಕೆ ಕನ್ನಡದಲ್ಲಿ):

ಪಾಡ್‌ನಲ್ಲಿ – ಕಂಟೇನರ್‌ಪೋರ್ಟ್: 80
ಸರ್ವೀಸ್‌ನಲ್ಲಿ – ಪೋರ್ಟ್: 80, ಟಾರ್ಗೆಟ್‌ಪೋರ್ಟ್: 80

ಹೆಸರು ಹಿಡಿದು ಬರೆದರೆ:

ಪಾಡ್‌ನಲ್ಲಿ – ನೇಮ್: ವೆಬ್, ಕಂಟೇನರ್‌ಪೋರ್ಟ್: 80
ಸರ್ವೀಸ್‌ನಲ್ಲಿ – ಪೋರ್ಟ್: 80, ಟಾರ್ಗೆಟ್‌ಪೋರ್ಟ್: ವೆಬ್

ಇಷ್ಟೇ ವ್ಯತ್ಯಾಸ. ಒಂದು ಸಾಲು ಹೆಚ್ಚು. ಇದಕ್ಕೆ ಇಷ್ಟು ರಗಳೆಯಾ ಅಂತೀರಾ? ಮುಂದೆ ಓದಿ.

ಯಾವುದನ್ನು ಮೊದಲು ಬದಲಿಸಿದರೂ ತಪ್ಪೇ

ಹಳೆ ಮದ್ರಾಸ್ ರಸ್ತೆಯ ಆಸುಪಾಸಿನ ಒಂದು ಆಫೀಸಿನಲ್ಲಿ ಕಣ್ಣಾರೆ ಕಂಡದ್ದು ಇದು. ಹೆಸರು ಬೇಡ. ಅಲ್ಲೊಂದು ವೆಬ್ ಸರ್ವರ್ 80ನೇ ಪೋರ್ಟಿನಲ್ಲಿ ಓಡುತ್ತಿತ್ತು. ಕಂಟೇನರ್ ರೂಟ್ ಅಧಿಕಾರದಲ್ಲಿ ಓಡಬಾರದು ಅಂತ ಸೆಕ್ಯುರಿಟಿಯವರು ಹೇಳಿದರು. ಸರಿಯಾದ ಮಾತೇ. 1024ಕ್ಕಿಂತ ಕೆಳಗಿನ ಪೋರ್ಟುಗಳು ರೂಟ್‌ಗೆ ಮೀಸಲು ಅನ್ನುವುದು ಯುನಿಕ್ಸ್‌ನ ಹಳೇ ಸಂಪ್ರದಾಯ. ಹಾಗಾಗಿ ರೂಟ್ ಬೇಡದ ಇಮೇಜುಗಳು ಸಾಮಾನ್ಯವಾಗಿ 8080ರಲ್ಲಿ ಕೇಳುತ್ತವೆ. ಎನ್‌ಜಿಂಕ್ಸ್‌ನ ಮಾಮೂಲಿ ಇಮೇಜ್ 80ರಲ್ಲಿ ಕೇಳಿದರೆ ಅದರ ಅನ್‌ಪ್ರಿವಿಲೆಜ್ಡ್ ಇಮೇಜ್ ಕೇಳುವುದು 8080ರಲ್ಲಿ.

ತಂಡದವರು ಇಮೇಜ್ ಬದಲಿಸಿದರು, ಕಂಟೇನರ್‌ಪೋರ್ಟನ್ನು 8080 ಮಾಡಿದರು, ರೆಡಿನೆಸ್ ಪ್ರೋಬ್‌ನಲ್ಲೂ 8080 ಅಂತ ಮರೆಯದೆ ತಿದ್ದಿದರು. ಸರ್ವೀಸ್ ಫೈಲ್ ಇದ್ದದ್ದು ಇನ್ನೊಂದು ತಂಡದ ಕೈಯಲ್ಲಿ, ಇನ್ನೊಂದು ರೆಪೋದಲ್ಲಿ. ಅಲ್ಲಿ 80 ಹಾಗೇ ಉಳಿಯಿತು.

ಈಗ ನೋಡಿ ಮಜಾ. ಹೊಸ ಪಾಡ್ ಎದ್ದಿತು. ಪ್ರೋಬ್ ನೇರವಾಗಿ ಪಾಡ್‌ನ 8080 ತಟ್ಟಿತು, "ಚೆನ್ನಾಗಿದ್ದೀನಿ" ಅಂತ ಉತ್ತರ ಬಂತು. ಹಸಿರು ದೀಪ. ಹೊಸದು ಚೆನ್ನಾಗಿದೆ ಅಂತ ಕುಬರ್ನೆಟಿಸ್ ಒಂದೊಂದೇ ಹಳೆ ಪಾಡನ್ನು ಇಳಿಸಿತು. ಸರ್ವೀಸ್ ಮಾತ್ರ ಬಂದವರನ್ನೆಲ್ಲ ಹೊಸ ಪಾಡ್‌ನ 80ನೇ ಬಾಗಿಲಿಗೆ ಕಳಿಸುತ್ತಲೇ ಇತ್ತು. ಅಲ್ಲಿ ಯಾರೂ ಇಲ್ಲ! ಮೊದಲು ಕೆಲವು ಕೋರಿಕೆಗಳು ಬಿದ್ದವು, ಆಮೇಲೆ ಅರ್ಧ, ಕೊನೆಗೆ ಪೂರ್ತಿ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಎಲ್ಲ ಪಾಡ್‌ಗಳೂ ಹಸಿರು. ಆ ರಾತ್ರಿಯ ಪಾಳಿಯಲ್ಲಿದ್ದ ಹುಡುಗ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೇ. ಎಲ್ಲ ಹಸಿರಾಗಿದೆಯಲ್ಲ, ತೊಂದರೆ ನೆಟ್‌ವರ್ಕಿನದೇ ಇರಬೇಕು ಅಂತ ಬೆಳಗಿನ ಜಾವದವರೆಗೂ ಹುಡುಕಿದ. ಮರುದಿನ ಮೀಟಿಂಗಿನಲ್ಲಿ ಮಾತು ಕೇಳಿದ್ದೂ ಅವನೇ.

"ಎರಡೂ ಫೈಲ್ ಒಟ್ಟಿಗೆ ಬದಲಿಸಬೇಕಿತ್ತು" ಅಂತ ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ಸ್ವಾಮಿ, ಒಟ್ಟಿಗೆ ಬದಲಿಸಿದರೂ ಆಗಲ್ಲ! ಪಾಡ್‌ಗಳು ಒಂದೊಂದಾಗಿ ಬದಲಾಗುತ್ತವೆ, ಸರ್ವೀಸ್ ಒಂದೇ ಏಟಿಗೆ ಬದಲಾಗುತ್ತದೆ. ಸರ್ವೀಸನ್ನು ಮೊದಲು 8080 ಮಾಡಿದರೆ ಹಳೆ ಪಾಡ್‌ಗಳು ಸಿಗಲ್ಲ. ಕೊನೆಗೆ ಮಾಡಿದರೆ ಹೊಸವು ಸಿಗಲ್ಲ. ನಡುವೆ ಮಾಡಿದರೆ ಅರ್ಧರ್ಧ ಎರಡೂ ಸಿಗಲ್ಲ. ತಂತ್ರಾಂಶವೇ ಸ್ವಲ್ಪ ದಿನ ಎರಡೂ ಪೋರ್ಟಿನಲ್ಲಿ ಕೇಳುವಂತೆ ಮಾಡಬಹುದು, ಅಥವಾ ಎರಡನೇ ಸರ್ವೀಸ್ ಕಟ್ಟಿ ದಾರಿ ತಿರುಗಿಸಬಹುದು. ಎರಡೂ ಸುತ್ತುಬಳಸಿನ ದಾರಿ. ಒಂದು ಸಂಖ್ಯೆ ಬದಲಿಸಲು ಇಷ್ಟೊಂದು ಸರ್ಕಸ್!

ಹೆಸರು ಇದ್ದಿದ್ದರೆ? ಹಳೆ ಪಾಡ್‌ನಲ್ಲಿ 'ವೆಬ್' ಅಂದರೆ 80, ಹೊಸದರಲ್ಲಿ 'ವೆಬ್' ಅಂದರೆ 8080. ಸರ್ವೀಸ್ ಕೇಳುವುದು 'ವೆಬ್' ಎಲ್ಲಿ ಅಂತ ಮಾತ್ರ. ಪ್ರತಿ ಪಾಡ್‌ನಲ್ಲಿ ಆ ಹೆಸರಿಗೆ ಯಾವ ಸಂಖ್ಯೆ ಅಂತ ಕುಬರ್ನೆಟಿಸ್ ನೋಡಿಕೊಳ್ಳುತ್ತದೆ. ಒಂದೇ ಸರ್ವೀಸಿನ ಹಿಂದೆ ಬೇರೆ ಬೇರೆ ಸಂಖ್ಯೆಯ ಪಾಡ್‌ಗಳು ಇರಬಹುದು. ಒಳಗೆ ಎಂಡ್‌ಪಾಯಿಂಟ್‌ಸ್ಲೈಸ್ ಅನ್ನುವ ಪಟ್ಟಿ ಇರುತ್ತದೆ. ಒಂದು ಸ್ಲೈಸಿಗೆ ಒಂದೇ ಪೋರ್ಟ್ ಗುಂಪು. ಆದ್ದರಿಂದ 80ರವರು ಒಂದು ಸ್ಲೈಸಿಗೆ, 8080ರವರು ಇನ್ನೊಂದಕ್ಕೆ ಹೋಗುತ್ತಾರೆ. ಬಳಕೆದಾರರಿಗೆ ಏನೂ ಗೊತ್ತಾಗದು. ಸರ್ವೀಸ್ ಫೈಲನ್ನು ಮುಟ್ಟುವ ಅಗತ್ಯವೇ ಇಲ್ಲ.

ಬೃಂದಾವನ ಎಕ್ಸ್‌ಪ್ರೆಸ್ ಗೊತ್ತಲ್ಲ? 1964ರಿಂದ ಚೆನ್ನೈ–ಬೆಂಗಳೂರು ನಡುವೆ, ಕೆ.ಆರ್.ಪುರಂ, ಕಂಟೋನ್ಮೆಂಟ್ ದಾರಿಯಾಗಿ ಓಡುತ್ತಿದೆ. 2010ರ ಡಿಸೆಂಬರ್ 20ರಂದು ರೈಲ್ವೆಯವರು ದೇಶದ ರೈಲುಗಳ ಸಂಖ್ಯೆಯನ್ನು ನಾಲ್ಕು ಅಂಕಿಯಿಂದ ಐದಕ್ಕೆ ಏರಿಸಿದಾಗ 2639 ಹೋಗಿ 12639 ಆಯಿತು. ಪ್ರಯಾಣಿಕರು ಒಬ್ಬರಾದರೂ ರೈಲು ತಪ್ಪಿಸಿಕೊಂಡರೇ? "ಬೃಂದಾವನ ಎಷ್ಟನೇ ಪ್ಲಾಟ್‌ಫಾರ್ಮ್?" ಅಂತ ಕೇಳಿ ಹತ್ತಿದರು ಅಷ್ಟೇ. ಪ್ಲಾಟ್‌ಫಾರ್ಮ್ ಕೂಡ ದಿನಾ ಒಂದೇ ಇರಬೇಕು ಅಂತೇನಿಲ್ಲ, ಹೆಸರು ಹಿಡಿದು ಬೋರ್ಡ್ ನೋಡಿದವರು ಸರಿಯಾದ ಕಡೆ ಹೋಗುತ್ತಾರೆ. ನಿನ್ನೆಯ ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಂಡು ಬೋರ್ಡ್ ನೋಡದೆ ನಿಂತವನ ಕಥೆಯೇ ಮೇಲಿನ ಸರ್ವೀಸಿನದು.

ಎದುರು ವಾದ, ಅದೂ ಗಟ್ಟಿಯೇ

ಸಂಖ್ಯೆಯ ಪಕ್ಷದವರು ಪೆದ್ದರೇನಲ್ಲ. ಅವರ ಮುಖ್ಯ ವಾದ: "ಸಂಖ್ಯೆ ಕಣ್ಣಿಗೆ ಕಾಣುತ್ತದೆ. ಹೆಸರಾದರೆ ಇನ್ನೊಂದು ಫೈಲ್ ತೆರೆದು ನೋಡಬೇಕು." ನಿಜ. ಇನ್ನೂ ಗಟ್ಟಿಯಾದದ್ದು: "ಹೆಸರು ತಪ್ಪಿದರೆ ಯಾರೂ ಹೇಳಲ್ಲ." ಇದೂ ನಿಜ, ಮತ್ತು ಅಪಾಯದ್ದು. ಪಾಡ್‌ನಲ್ಲಿ 'ವೆಬ್' ಅಂತಿದ್ದು ಸರ್ವೀಸ್‌ನಲ್ಲಿ 'ವೆಬ್‌1' ಅಂತ ಕುಟ್ಟಿದರೆ ಕುಬರ್ನೆಟಿಸ್ ಸುಮ್ಮನೆ ಒಪ್ಪಿಕೊಳ್ಳುತ್ತದೆ, ದೋಷ ತೋರಿಸುವುದಿಲ್ಲ. ಆ ಹೆಸರಿನ ಪೋರ್ಟ್ ಯಾವ ಪಾಡ್‌ನಲ್ಲೂ ಸಿಗದೆ ಪಟ್ಟಿ ಖಾಲಿ ಉಳಿಯುತ್ತದೆ. ಬಂದವರಿಗೆಲ್ಲ ಸಂಪರ್ಕ ನಿರಾಕರಣೆ.

ಇನ್ನೊಂದು ಸೂಕ್ಷ್ಮ. ಸಂಖ್ಯೆ ಬಳಸುವಾಗ ಪಾಡ್‌ನಲ್ಲಿ ಬರೆಯುವ ಕಂಟೇನರ್‌ಪೋರ್ಟ್ ಬರೀ ಮಾಹಿತಿಗೆ. ಬರೆಯದೇ ಬಿಟ್ಟರೂ ಸಂಪರ್ಕ ನಡೆಯುತ್ತದೆ. ಹೆಸರು ಬಳಸಿದ ಕೂಡಲೇ ಆ ಸಾಲಿಗೆ ನಿಜವಾದ ಕೆಲಸ ಬಂತು. ಅಲ್ಲಿ ಬರೆದ ಸಂಖ್ಯೆ ಒಂದು, ತಂತ್ರಾಂಶ ಕೇಳುತ್ತಿರುವ ಪೋರ್ಟ್ ಇನ್ನೊಂದು ಆದರೆ ಹೆಸರು ನಿಮ್ಮನ್ನು ಕಾಪಾಡಲ್ಲ. ಹೆಸರು ತೋರಿಸುವುದು ಬರೆದ ಸಂಖ್ಯೆಯನ್ನು, ನಿಜವಾಗಿ ತೆರೆದಿರುವ ಬಾಗಿಲನ್ನಲ್ಲ.

ಮತ್ತೆ ಹೆಸರು ಎಲ್ಲ ಕಡೆ ನಡೆಯುವುದೂ ಇಲ್ಲ. ಎಚ್‌ಟಿಟಿಪಿ ಮತ್ತು ಟಿಸಿಪಿ ಪ್ರೋಬ್‌ಗಳಲ್ಲಿ ಹೆಸರು ಹಾಕಬಹುದು, ಜಿಆರ್‌ಪಿಸಿ ಪ್ರೋಬ್‌ನಲ್ಲಿ ಸಂಖ್ಯೆಯೇ ಬೇಕು. ನೆಟ್‌ವರ್ಕ್ ಪಾಲಿಸಿಯಲ್ಲಿ ಹೆಸರು ನಡೆಯುತ್ತದೆ, ಆದರೆ ಎಂಡ್‌ಪೋರ್ಟ್ ಹಾಕಿ 'ಇಲ್ಲಿಂದ ಇಲ್ಲಿಯವರೆಗೆ' ಅನ್ನುವುದಾದರೆ ಸಂಖ್ಯೆ. 2023ರಲ್ಲಿ 1.0 ಆದ ಗೇಟ್‌ವೇ ಎಪಿಐನ ಎಚ್‌ಟಿಟಿಪಿ ರೂಟ್‌ನಲ್ಲಿ ಸರ್ವೀಸಿನ ಪೋರ್ಟನ್ನು ಸಂಖ್ಯೆಯಿಂದಲೇ ಕರೆಯಬೇಕು. ಹೆಡ್‌ಲೆಸ್ ಸರ್ವೀಸಿನಲ್ಲಿ ಗ್ರಾಹಕ ನೇರ ಪಾಡ್‌ಗೇ ಹೋಗುವುದರಿಂದ ನಡುವೆ ಸಂಖ್ಯೆ ತಿರುಗಿಸುವವರು ಯಾರೂ ಇಲ್ಲ.

ಇದೆಲ್ಲ ಒಪ್ಪಿಕೊಂಡೂ ನನ್ನ ಪಕ್ಷ ಬಿಡಲ್ಲ. ಕಾರಣ ಇದು. ಹೆಸರು ತಪ್ಪಾಗಿದ್ದರೆ ಮೊದಲ ದಿನವೇ, ಮೊದಲ ಪರೀಕ್ಷೆಯಲ್ಲೇ, ಎಲ್ಲವೂ ಬೀಳುತ್ತದೆ. ಎಂಡ್‌ಪಾಯಿಂಟ್‌ಸ್ಲೈಸ್ ಪಟ್ಟಿಯನ್ನು ಒಂದು ಸಲ ತೆರೆದರೆ ಪೋರ್ಟ್ ಇಲ್ಲದ್ದು ಕಣ್ಣಿಗೆ ರಾಚುತ್ತದೆ. ಹಗಲು ಹೊತ್ತು, ಬರೆದವನ ಎದುರಿಗೇ. ಸಂಖ್ಯೆಯ ತಪ್ಪು ಹಾಗಲ್ಲ. ಎರಡು ವರ್ಷ ಸರಿಯಾಗಿ ಓಡಿ, ಇನ್ಯಾರೋ ಇನ್ನೆಲ್ಲೋ ಒಂದು ಒಳ್ಳೆಯ ಬದಲಾವಣೆ ಮಾಡಿದ ದಿನ ಹೊರಬೀಳುತ್ತದೆ. ಆಗ ಸಿಕ್ಕಿಬೀಳುವವನು ರಾತ್ರಿ ಪಾಳಿಯ ಹುಡುಗ. ಬರೆದವನ ಮೈಮೇಲೆ ಬೀಳುವ ತಪ್ಪು ಮತ್ತು ಗೊತ್ತಿಲ್ಲದವನ ಮೈಮೇಲೆ ಬೀಳುವ ತಪ್ಪು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

"ಹೆಸರೂ ಬದಲಾಗುತ್ತದಲ್ಲ" ಅನ್ನುವವರೂ ಇದ್ದಾರೆ. ನಮ್ಮ ಸಿಟಿ ಸ್ಟೇಷನ್ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಆಯಿತು, ಟಿಕೇಟಿನ ಕೋಡ್ ಮಾತ್ರ ಎಸ್‌ಬಿಸಿ ಆಗಿಯೇ ಉಳಿಯಿತು. ಸರಿ, ಅಲ್ಲಿ ಹೆಸರಿಗಿಂತ ಕೋಡ್ ಗಟ್ಟಿ. ಪೋರ್ಟಿನ ವಿಷಯದಲ್ಲಿ ಯೋಚಿಸಿ ನೋಡಿ. ಸಂಖ್ಯೆ ಬದಲಾಗುವುದಕ್ಕೆ ಸೆಕ್ಯುರಿಟಿ ಕಾರಣ, ಹೊಸ ಇಮೇಜ್ ಕಾರಣ, ಪಕ್ಕಕ್ಕೆ ಬಂದು ಕೂತ ಸೈಡ್‌ಕಾರ್ ಕಾರಣ. 'ವೆಬ್' ಅನ್ನುವುದು ಬದಲಾಗಲು ಏನು ಕಾರಣ? ಕೆಲಸ ಅದೇ ಇರುವತನಕ ಹೆಸರು ಅದೇ.

ಹೆಸರಿಡುವುದೂ ಒಂದು ಕಲೆ ಕಣ್ರೀ

ಹೆಸರಿಡಿ ಅಂದಕೂಡಲೇ ಕೆಲವರು 'ಪೋರ್ಟ್8080' ಅಂತ ಇಡುತ್ತಾರೆ! ಇಂದಿರಾನಗರದ ನೂರಡಿ ರಸ್ತೆಯ ಹಾಗೆ. ಅಳತೆಯನ್ನೇ ಹೆಸರು ಮಾಡಿದರೆ ಅಳತೆ ಬದಲಾದ ದಿನ ಹೆಸರು ಸುಳ್ಳಾಗುತ್ತದೆ. ರಸ್ತೆಯಾದರೆ ನಗುತ್ತಾ ಓಡಾಡಿಕೊಂಡಿರಬಹುದು. 'ಪೋರ್ಟ್8080' ಎಂಬುದು 8443ನ್ನು ತೋರಿಸುತ್ತಿದ್ದರೆ ಓದುವವನು ಹುಚ್ಚನಾಗುತ್ತಾನೆ. ಕೆಲಸ ಹೇಳುವ ಹೆಸರಿಡಿ: ವೆಬ್, ಮೆಟ್ರಿಕ್ಸ್, ಅಡ್ಮಿನ್.

ಎರಡನೆಯದು ಕಾಗುಣಿತ. ನಾವು ಹಲಸೂರು ಅನ್ನುತ್ತೇವೆ, ಬ್ರಿಟಿಷರ ಬಾಯಲ್ಲಿ ಅಲ್ಸೂರ್ ಆಯಿತು. ಬಸ್ಸಿನಲ್ಲಿ ಎರಡರಲ್ಲಿ ಯಾವುದು ಹೇಳಿದರೂ ಕಂಡಕ್ಟರ್ ಟಿಕೇಟ್ ಹರಿದು ಕೊಡುತ್ತಾನೆ. ಕುಬರ್ನೆಟಿಸ್ ಅಂಥ ಕಂಡಕ್ಟರ್ ಅಲ್ಲ. ಒಂದು ಅಕ್ಷರ ಹೆಚ್ಚು ಕಡಿಮೆ ಆದರೆ ಅದಕ್ಕೆ ಬೇರೆ ಊರೇ. ಆದ್ದರಿಂದ ಇಡೀ ಕಂಪನಿಗೆ ಐದಾರು ಹೆಸರುಗಳ ಒಂದು ಚೀಟಿ ಸಾಕು, ಎಲ್ಲರೂ ಅದನ್ನೇ ಬಳಸಲಿ. ತಂಡಕ್ಕೊಂದು ಹೆಸರಿಟ್ಟರೆ ಸಂಖ್ಯೆಗಿಂತ ಕಷ್ಟ.

ಮೂರನೆಯದು ಉದ್ದ. ಪಾಡ್‌ನ ಪೋರ್ಟ್ ಹೆಸರಿಗೆ 15 ಅಕ್ಷರ ಮಿತಿ. ಇಂಗ್ಲಿಷಿನ ಚಿಕ್ಕಕ್ಷರ, ಅಂಕಿ, ನಡುವೆ ಅಡ್ಡಗೆರೆ ಅಷ್ಟೇ. ಒಂದಾದರೂ ಅಕ್ಷರ ಇರಲೇಬೇಕು. ಇಂಗ್ಲಿಷಿನಲ್ಲಿ 'ಕೃಷ್ಣರಾಜಪುರಂ' ಅಂತ ಬರೆದು ಎಣಿಸಿ ನೋಡಿ, 16 ಆಗುತ್ತದೆ, ನಪಾಸು! ಕೊನೆಯ 'ಎಂ' ತೆಗೆದು ಅಚ್ಚಗನ್ನಡದ ಹಾಗೆ 'ಕೃಷ್ಣರಾಜಪುರ' ಮಾಡಿದರೆ ಸರಿಯಾಗಿ 15, ಪಾಸು :-)

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಪಾಡ್‌ನ ಪೋರ್ಟಿಗೂ ಹೆಸರಿದೆ, ಸರ್ವೀಸಿನ ಪೋರ್ಟಿಗೂ ಬೇರೆ ಹೆಸರಿದೆ. ಸರ್ವೀಸಿನಲ್ಲಿ ಒಂದಕ್ಕಿಂತ ಹೆಚ್ಚು ಪೋರ್ಟ್ ಇದ್ದರೆ ಅಲ್ಲಿ ಹೆಸರು ಕಡ್ಡಾಯ. ಟಾರ್ಗೆಟ್‌ಪೋರ್ಟ್, ಪ್ರೋಬ್, ನೆಟ್‌ವರ್ಕ್ ಪಾಲಿಸಿ ಇವೆಲ್ಲ ನೋಡುವುದು ಪಾಡ್‌ನ ಹೆಸರನ್ನು. ಇಂಗ್ರೆಸ್ ಮತ್ತು ಪ್ರೊಮಿಥಿಯಸ್ ಆಪರೇಟರಿನ ಸರ್ವೀಸ್ ಮಾನಿಟರ್ ನೋಡುವುದು ಸರ್ವೀಸಿನ ಹೆಸರನ್ನು. ಬೈಯಪ್ಪನಹಳ್ಳಿ ಗೊಂದಲ ನೆನಪಿದೆಯಲ್ಲ? ಮೆಟ್ರೋ ನಿಲ್ದಾಣ ಒಂದು, ರೈಲು ನಿಲ್ದಾಣ ಇನ್ನೊಂದು, 2022ರ ಜೂನ್‌ನಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲನ್ನೂ ಜನ ಬೈಯಪ್ಪನಹಳ್ಳಿ ಅಂತಲೇ ಕರೆಯುವುದು. ಆಟೋದವನಿಗೆ ಬರೀ "ಬೈಯಪ್ಪನಹಳ್ಳಿ ಸ್ಟೇಷನ್" ಅಂದರೆ ದೇವರೇ ಗತಿ. ಇಲ್ಲೂ ಯಾವ ಪಟ್ಟಿಯ 'ವೆಬ್' ಅನ್ನುವುದು ತಲೆಯಲ್ಲಿರಲಿ. ಆದಷ್ಟೂ ಎರಡೂ ಕಡೆ ಒಂದೇ ಹೆಸರಿಡುವುದು ಕ್ಷೇಮ.

ಇಸ್ಟಿಯೋ ಬಳಸುವವರಿಗೆ ಒಂದು ಎಚ್ಚರಿಕೆ: ಅದು ಸರ್ವೀಸ್ ಪೋರ್ಟ್ ಹೆಸರಿನ ಮೊದಲ ಭಾಗ ನೋಡಿ ಪ್ರೋಟೋಕಾಲ್ ಗುರುತಿಸುತ್ತದೆ. ಅಲ್ಲಿ 'ಎಚ್‌ಟಿಟಿಪಿ-ವೆಬ್' ಥರ ಇಟ್ಟರೆ ಒಳ್ಳೆಯದು, ಇಲ್ಲವೇ ಆಪ್‌ಪ್ರೋಟೋಕಾಲ್ ಸಾಲು ಬರೆಯಿರಿ. ಕುಬರ್ನೆಟಿಸ್‌ಗೆ ಮಾತ್ರ ಹೆಸರಿನ ಅರ್ಥ ಬೇಕಿಲ್ಲ. 'ಎಚ್‌ಟಿಟಿಪಿ' ಅಂತ ಹೆಸರಿಟ್ಟ ಮಾತ್ರಕ್ಕೆ ಅದು 80 ಅಂತ ಊಹಿಸುವುದಿಲ್ಲ.

ಈಗಾಗಲೇ ಸಂಖ್ಯೆಯಲ್ಲಿರುವವರು ಏನು ಮಾಡಬೇಕು?

ಕ್ರಮ ಮುಖ್ಯ. ಮೊದಲು ಪಾಡ್‌ಗಳಿಗೆ ಹೆಸರು ಸೇರಿಸಿ, ಸಂಖ್ಯೆ ಮುಟ್ಟಬೇಡಿ. ಎಲ್ಲ ಪಾಡ್‌ಗಳೂ ಹೊಸದಾಗಿ ಎದ್ದ ಮೇಲೆ ಸರ್ವೀಸಿನ ಟಾರ್ಗೆಟ್‌ಪೋರ್ಟನ್ನು ಹೆಸರಿಗೆ ತಿರುಗಿಸಿ. ಎಂಡ್‌ಪಾಯಿಂಟ್‌ಸ್ಲೈಸ್ ನೋಡಿ, ಎಲ್ಲರೂ ಇದ್ದಾರೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಸಂಖ್ಯೆಯನ್ನು ಬೇಕಾದಾಗ ಬದಲಿಸಿ. ಉಲ್ಟಾ ಮಾಡಿದರೆ ಮೇಲೆ ಹೇಳಿದ ಖಾಲಿ ಪಟ್ಟಿ ಗ್ಯಾರಂಟಿ. ಹೆಲ್ಮ್‌ನಲ್ಲಿ ಹೊಸ ಚಾರ್ಟ್ ಹುಟ್ಟಿಸಿದವರಿಗೆ ಈ ಕೆಲಸವೂ ಇಲ್ಲ, ಅದು ಕೊಡುವ ಮಾದರಿಯಲ್ಲೇ ಪಾಡ್, ಸರ್ವೀಸ್, ಪ್ರೋಬ್ ಮೂರೂ ಕಡೆ 'ಎಚ್‌ಟಿಟಿಪಿ' ಅನ್ನುವ ಹೆಸರು ಇರುತ್ತದೆ. ಅದನ್ನು ಅಳಿಸಿ ಸಂಖ್ಯೆ ಬರೆಯುವ ಉತ್ಸಾಹಿಗಳಿಗೆ ದೊಡ್ಡ ನಮಸ್ಕಾರ.

ಅಂದ ಹಾಗೆ, ಪೋರ್ಟ್ ಹೆಸರಿನಲ್ಲಿ ಕನ್ನಡ ಅಕ್ಷರಕ್ಕೆ ಜಾಗವಿಲ್ಲ ನಿಜ. ಯಾಮಲ್ ಫೈಲಿನ ಟಿಪ್ಪಣಿ ಸಾಲಿನಲ್ಲಿ ಧಾರಾಳವಾಗಿ ಇದೆ, ಯುನಿಕೋಡ್ ಎಲ್ಲವನ್ನೂ ಒಪ್ಪುತ್ತದೆ. ತಂಡದಲ್ಲಿ ಕನ್ನಡ ಬಲ್ಲವರೇ ಇದ್ದರೆ "ಈ ಹೆಸರು ಬದಲಿಸುವ ಮುಂಚೆ ಸರ್ವೀಸ್ ನೋಡಿ" ಅಂತ ಒಂದು ಸಾಲು ಬರೆದಿಡಿ. ರಾತ್ರಿ ಎರಡು ಗಂಟೆಗೆ ಅದನ್ನು ಓದುವವರಿಗೆ ಮನೆಯವರೇ ಪಕ್ಕದಲ್ಲಿ ನಿಂತು ಹೇಳಿದ ಹಾಗಿರುತ್ತದೆ.

ಸಂಖ್ಯೆ ಎಂಬುದು ಒಂದು ತಂಡದ ಒಳಮನೆಯ ವಿಷಯ. ಹೆಸರು ಎರಡು ತಂಡಗಳ ನಡುವಿನ ಮಾತು. ಒಳಮನೆಯಲ್ಲಿ ಏನು ಬೇಕಾದರೂ ಬದಲಿಸಿಕೊಳ್ಳಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಒಂದೇ ಫೈಲಿನಲ್ಲಿ ಎಲ್ಲವನ್ನೂ ಒಬ್ಬರೇ ಬರೆಯುವವರು ಸಂಖ್ಯೆಯಲ್ಲೇ ಇದ್ದರೆ ನನಗೆ ತಕರಾರಿಲ್ಲ. ಎರಡನೆಯವರು ಬಂದ ದಿನ ಮಾತ್ರ ಹೆಸರಿಡಲು ಮರೆಯಬೇಡಿ.

ಸಂಖ್ಯೆಯ ಪಕ್ಷದವರು ಕಾಮೆಂಟಿಸಿ, ಜಗಳಕ್ಕೆ ನಾನು ರೆಡಿ. ನಿಮ್ಮ ಆಫೀಸಿನಲ್ಲಿ ಯಾರಾದರೂ ಪೋರ್ಟಿಗೆ ವಿಚಿತ್ರ ಹೆಸರಿಟ್ಟಿದ್ದರೆ ಅದನ್ನೂ ತಿಳಿಸಿ, ಒಟ್ಟಿಗೆ ನಗೋಣ.